ಕೆಟ್ಲಿ ಕವಲು

ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ದಾರಿಯಲ್ಲಿ, ಹೊಂಬಾಳಮ್ಮನ ಊರಿಗೆ ಹೊರಳುವ ಕವಲಿನಲ್ಲಿ, ಆಳೆತ್ತರದ ತಗಡಿನ ಕೆಟ್ಲಿಯೊಂದು ಕೂತಿತ್ತು. ಜರ್ಮನಿಯ ಯುದ್ಧಕ್ಕೆ ಮುಂಚೆ ಟೀ ಕಂಪನಿಯವರು ಗಾರೆಯ ಕಟ್ಟೆ ಕಟ್ಟಿ ಅದನ್ನು ಕೂರಿಸಿ, ದಾರಿಹೋಕರಿಗೆಲ್ಲ ಪುಕ್ಕಟೆ ಟೀ ಕುಡಿಸಿದ್ದರು. ಕುಡಿದವರು ಮೀಸೆ ಒರೆಸಿಕೊಂಡು ಮತ್ತೆ ಮಜ್ಜಿಗೆಗೇ ಮರಳಿದರು. ಕಂಪನಿಯವರು ಎದ್ದುಹೋದರು, ಕೆಟ್ಲಿ ಉಳಿಯಿತು. ಬಸ್ಸಿನವರಿಗೆ ಆ ಜಾಗದ ಹೆಸರೇ ಕೆಟ್ಲಿ ಆಯಿತು.

ಹೊಂಬಾಳಮ್ಮ ಮಂಡಿ ಹಿಡಿದುಹೋದ ಮುದುಕಿ. ಸೌತೆಕಾಯಿಯ ಕುಕ್ಕೆ ಇಳಿಸಿ ಕೆಟ್ಲಿಯ ನೆರಳಲ್ಲಿ ಒರಗಿದರೆ, ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲಲ್ಲಿ ಓಡುವ ಬಸ್ಸು ಹೊಗೆ ಕಾರುತ್ತಾ ಬಂದು ನಿಲ್ಲುತ್ತಿತ್ತು. ಅದು ನಿಲ್ಲದಿದ್ದರೆ ಮದ್ದೂರಿನ ಸಂತೆ ಅವಳ ಪಾಲಿಗಿಲ್ಲ.

ಆ ಬೇಸಿಗೆಯಲ್ಲಿ ಗಾಡಿ ಹೊಡೆದುಕೊಂಡು ಬಂದ ಶಿವಯ್ಯನೆಂಬವನು ಕೆಟ್ಲಿಯನ್ನು ಬಿಚ್ಚತೊಡಗಿದ. ಯುದ್ಧಕ್ಕೆ ತಗಡು ಬೇಕಂತೆ.

“ಇದ್ರಲ್ಲಿ ಸಿಪಾಯಿಗಳ್ಗೆ ಟೀ ಕಾಯ್ಸಿಯೇನ್ಲಾ? ತಳನೇ ಇಲ್ಲ,” ಎಂದಳು ಹೊಂಬಾಳಮ್ಮ.

“ನಂಗೇನ್ ಗೊತ್ತವ್ವ. ಬಿಚ್ಚು ಅಂದ್ರು, ಬಿಚ್ತಾ ಇವ್ನಿ.”

ಮುಂದಿನ ಸಂತೆಯ ದಿನ ಬಸ್ಸು ನಿಲ್ಲಲಿಲ್ಲ. ಅವಳು ಕೈ ಬೀಸಿದಳು, ಮುಖಕ್ಕೆ ಧೂಳು ಬಂತು. ಸಂಜೆ ಅದೇ ಬಸ್ಸು ಕವಲಿನಾಚೆ ಕೆಟ್ಟು ನಿಂತಿದೆಯೆಂದು ಕೇಳಿ ಕುಂಟಿಕೊಂಡು ಹೋದಳು.

“ಗುರುತಿದ್ ಕಡೆ ಮಾತ್ರ ನಿಲ್ಸಿ ಅಂತ ಧಣಿ ಏಳವ್ರೆ,” ಎಂದ ಕಂಡಕ್ಟರ್ ಚಿಕ್ಕಣ್ಣ. “ಕೆಟ್ಲಿ ಎಲ್ಲವ್ವ ಐತೆ? ಡ್ರೈವರಣ್ಣಂಗೆ ಕಣ್ಣು ಮಂಜು ಬೇರೆ.”

“ನಾನಿರ್ನಿಲ್ವಾ ಅಲ್ಲಿ?”

“ನೀನು ಗಿಡ್ಡಕ್ಕಿದ್ದೀಯ ಕಣವ್ವ.”

ಹೊಂಬಾಳಮ್ಮ ಮರುದಿನ ಬೆಳಗ್ಗೆ ಹೊಲಕ್ಕೆ ಹೋದಳು. ಸೌತೆಬಳ್ಳಿಗೆ ದೃಷ್ಟಿಯಾಗದಿರಲೆಂದು ಬಿದಿರ ಗಳುವಿನ ತುದಿಗೆ ಬೋರಲು ಹಾಕಿದ್ದ ಮಡಕೆ, ಅದರ ಕರಿಮೈಗೆ ಸುಣ್ಣದ ಬೊಟ್ಟು. ಕಂಡವರ ಕಣ್ಣೆಲ್ಲ ಮೊದಲು ಅದರ ಮೇಲೇ ಬೀಳುತ್ತಿತ್ತು. ಬಳ್ಳಿಯ ಪಾಡು ಬಳ್ಳಿಗೆ ಎಂದುಕೊಂಡು ಗಳುವಿನ ಸಮೇತ ಕಿತ್ತಳು.

ಮತ್ತೊಂದು ಸಂತೆ ಬಂದಾಗ ಕೆಟ್ಲಿ ಬಿಚ್ಚಿದ ಬರಿಗಟ್ಟೆಯಲ್ಲಿ ಉಳಿದ ತೂತಿಗೆ ಮಡಕೆಯ ಗಳು ಸಿಕ್ಕಿಸಿ ಬುಡದಲ್ಲಿ ಕೂತಳು. ಬಸ್ಸು ಕೆಮ್ಮುತ್ತಾ ಬಂತು. ದಾಟಿತು. ದಾಟಿಹೋಗಿ ನಿಂತಿತು.

ಚಿಕ್ಕಣ್ಣ ಬಾಗಿಲಿಗೆ ಜೋತುಬಿದ್ದು ಹಿಂದಿರುಗಿ ನೋಡಿದ. “ಏನವ್ವ, ಕೆಟ್ಲಿ ಮರಿ ಆಕ್ಬುಟ್ಟದಲ್ಲ.” ಒಳಗಿದ್ದವರು ನಕ್ಕರು.

“ಆಕ್ಲಿ ಬುಡು. ಬಸ್ಸು ವಸಿ ಇಂದಕ್ಕೆ ತತ್ತೀಯಾ? ನಡೆಯಾಕಾಗಕಿಲ್ಲ ಕಣಪ್ಪ.”

“ಇದ್ದಿಲು ಬಸ್ಸು ಕಣವ್ವ. ಮುಂದಕ್ ಓಗದೇ ಎಚ್ಚು.”

ಅವಳು ಕಟ್ಟೆ ಹಿಡಿದು ಎದ್ದಳು. ಕುಕ್ಕೆಯನ್ನು ತಲೆಗೇರಿಸಿ, ಮಂಡಿಯನ್ನು ಎಳೆದುಕೊಂಡು ನಡೆದಳು. ಅವಳು ಬಂದು ಸೇರುವವರೆಗೂ, ಇಳಿಯುವವರು ಯಾರೂ ಇಲ್ಲದಿದ್ದರೂ, ಚಿಕ್ಕಣ್ಣ ಬಸ್ಸಿನೊಳಗೆ ಮುಖ ಹಾಕಿ ಕೂಗುತ್ತಲೇ ಇದ್ದ.

“ಯಾರಪ್ಪ ಕೆಟ್ಲಿ, ಇಳ್ಕೊಳಿ. ಕೆಟ್ಲಿ.”