ಯಥಾಸ್ಥಿತಿಯಲ್ಲಿದ್ದ ಗಾಣ

ನಾನು ಎಣ್ಣೆ ತೆಗೆಯುವ ಯಂತ್ರ. ಲುಧಿಯಾನದ ಎರಕದ ಮನೆಯಲ್ಲಿ ಹುಟ್ಟಿದೆ. ಕಾದ ಕಬ್ಬಿಣ ಅಚ್ಚಿಗಿಳಿದು ತಣ್ಣಗಾದಾಗ ನನಗೆ ಆಕಾರ ಬಂದಿತು. ಚಳ್ಳಕೆರೆಗೆ ಬಂದು ಮೊದಲ ಹಿಡಿ ಶೇಂಗಾ ನುಂಗಿದಾಗ ಬುದ್ಧಿ ಬಂದಿತು. ಅಲ್ಲಿನ ಜನ ನನ್ನನ್ನು ಯಂತ್ರವೆನ್ನಲಿಲ್ಲ, ಗಾಣವೆಂದೇ ಕರೆದರು.

ನನ್ನನ್ನು ಕೊಂಡವರು ಇಬ್ಬರು ಅಣ್ಣತಮ್ಮಂದಿರು. ಅಣ್ಣ ತಿಪ್ಪೇರುದ್ರಪ್ಪ, ತಮ್ಮ ಕೊಟ್ರಬಸಪ್ಪ. ಪಾಲುದಾರಿಕೆಯಲ್ಲಿ ಅರ್ಧ ಅವನದು, ಅರ್ಧ ಇವನದು. ಅಣ್ಣ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ. ತಮ್ಮ ನನ್ನ ಪಕ್ಕದಲ್ಲಿ ನಿಂತ. ನಾನು ಕೆಳಗಿನಿಂದ ಹೆಚ್ಚಾಗಿ ಕಂಡದ್ದು ತಮ್ಮನ ಎಣ್ಣೆ ಮೆತ್ತಿದ ಪಾದಗಳನ್ನು. ಒಂದು ಸುಗ್ಗಿಯ ನಡುವೆ ಆತ ಎದೆನೋವಿನಿಂದ ತೀರಿಕೊಂಡ. ಅವನ ಪಾಲಿಗೆ ಹೆಂಡತಿ ಸರ್ವಮಂಗಳಮ್ಮನ ಹೆಸರು ಬರೆದರು. ಗಂಡ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಆಕೆ ನನ್ನನ್ನು ನಡೆಸಲು ಕಲಿತಳು. ಅವಳಿಗೆ ಬೇರೆ ಆದಾಯವಿರಲಿಲ್ಲ. ನಾನು ತಿರುಗಿದರೆ ಅವಳ ಮನೆಯ ಒಲೆ ಉರಿಯುತ್ತಿತ್ತು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಸುಗ್ಗಿಯ ಮೊದಲ ಡಬ್ಬ ಎಣ್ಣೆಯನ್ನು ಮಾರುತ್ತಿರಲಿಲ್ಲ, ಮಠದ ದಾಸೋಹಕ್ಕೆ ಕಳುಹಿಸುತ್ತಿದ್ದರು. ಅವರ ಮಾತಿನಲ್ಲಿ ಅದಕ್ಕೆ ‘ಗಾಣ ಧರ್ಮಕ್ಕೆ ಬಿಡುವುದು’ ಎಂದು ಹೆಸರು. ಅಣ್ಣತಮ್ಮಂದಿರ ತಂದೆಯ ಪುಣ್ಯಸ್ಮರಣೆಯ ದಿನ, ನೆಂಟರೆಲ್ಲ ಕುಳಿತಿದ್ದಾಗ, ತಿಪ್ಪೇರುದ್ರಪ್ಪ ಕೇಳಿದ:

“ಏನಮ್ಮ ಮಂಗಳ, ಗಾಣ ಧರ್ಮಕ್ಕೆ ಬಿಡಾನಾ?”

“ಇದೇನು ಭಾವ, ಹೊಸದಾಗಿ ಕೇಳ್ತೀರ? ವರ್ಷಾ ವರ್ಷಾ ಬಿಡಲ್ವಾ? ಬಿಡ್ರಿ.”

“ಎಲ್ರೂ ಕೇಳಿಸ್ಕಂಡ್ರಲ್ಲ,” ಎಂದು ಆತ ನೆಂಟರ ಕಡೆ ತಿರುಗಿದ.

“ಒಂದು ಡಬ್ಬ ಎಣ್ಣೆಗೆ ಇಷ್ಟು ಜನ ಸಾಕ್ಷಿನಾ ಮಾವ?” ಎಂದು ಸೊಸೆಯೊಬ್ಬಳು ಅಂದಳು. ಎಲ್ಲರೂ ನಕ್ಕರು. ಸರ್ವಮಂಗಳಮ್ಮನೂ ನಕ್ಕಳು.

ಆ ವಾರವೇ ತಂದೆಯ ಹೆಸರಿನಲ್ಲಿ ಒಂದು ಟ್ರಸ್ಟ್ ಹುಟ್ಟಿತು. ಅಧ್ಯಕ್ಷ ತಿಪ್ಪೇರುದ್ರಪ್ಪ, ಕಾರ್ಯದರ್ಶಿ ಅವನ ಅಳಿಯ. ಪಾಲುದಾರರಿಬ್ಬರೂ ನೆಂಟರ ಸಭೆಯಲ್ಲಿ ಒಪ್ಪಿ ಗಾಣವನ್ನೇ ಟ್ರಸ್ಟಿಗೆ ದಾನ ಮಾಡಿದರೆಂದು ಪತ್ರವಾಯಿತು. ಬಡ ವಿದ್ಯಾರ್ಥಿಗಳಿಗೆ ವಸತಿಗೃಹ ಕಟ್ಟುವೆವೆಂದು ಹೇಳಿ, ಟ್ರಸ್ಟ್ ನನ್ನನ್ನು ಬ್ಯಾಂಕಿಗೆ ಅಡವಿಟ್ಟು ಸಾಲವೆತ್ತಿತು. ವಸತಿಗೃಹಕ್ಕೆ ಒಂದು ಕಲ್ಲೂ ಬೀಳಲಿಲ್ಲ. ಅಳಿಯನ ಪೆಟ್ರೋಲ್ ಬಂಕ್ ಮೇಲೆದ್ದಿತು. ಕಂತು ಕಟ್ಟದೆ ಟ್ರಸ್ಟ್ ದಿವಾಳಿಯಾಯಿತು. ಅದರ ಬಳಿ ಉಳಿದ ಆಸ್ತಿ ನಾನೊಂದೇ. ಬ್ಯಾಂಕಿನವರು ನನ್ನನ್ನು ಒಯ್ಯಲು ಬಂದ ದಿನ, ತಾನು ಧರ್ಮಕ್ಕೆ ಬಿಟ್ಟದ್ದು ಏನನ್ನು ಎಂಬುದು ಸರ್ವಮಂಗಳಮ್ಮನಿಗೆ ತಿಳಿಯಿತು.

ಆಕೆ ವಕೀಲ ಹಾಲಸ್ವಾಮಿಯ ಬಳಿ ಹೋದಳು. ಒಬ್ಬ ಪಾಲುದಾರ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಪಾಲುದಾರಿಕೆಯ ಆಸ್ತಿಯನ್ನು ದಾನ ಕೊಡಲಾಗದು, ಮೋಸದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಆತ ದಾವೆ ಹೂಡಿದ. ದಾನಪತ್ರ ರದ್ದಾಗಲಿ, ಅಣ್ಣ ಲಾಭದ ಲೆಕ್ಕ ಒಪ್ಪಿಸಲಿ, ಅಲ್ಲಿಯವರೆಗೆ ಗಾಣವನ್ನು ಯಾರೂ ಮುಟ್ಟದಿರಲಿ ಎಂದು ಬೇಡಿದ. ಮೂರನೆಯದು ಮೊದಲು ದೊರೆಯಿತು. ಯಥಾಸ್ಥಿತಿ ಕಾಯ್ದುಕೊಳ್ಳತಕ್ಕದ್ದು ಎಂಬ ಆದೇಶ ಹಿಡಿದು, ಗಾಣದ ಮನೆಗೆ ಬೀಗ ಹಾಕಲು ಕೋರ್ಟಿನ ಅಮೀನ ಬಂದ.

“ಸ್ವಾಮಿ, ಗಾಣದೊಳಗೆ ಹಿಂಡಿ ಐತೆ. ಅದನ್ನ ತೆಗೆದು, ಒಂದೀಟು ಎಣ್ಣೆ ಬಿಟ್ಟು ಬೀಗ ಹಾಕ್ರಿ,” ಎಂದು ಆಕೆ ಕೇಳಿದಳು.

ಅಮೀನ ಜೊತೆಗೆ ಬಂದಿದ್ದ ವಕೀಲನ ಮುಖ ನೋಡಿದ.

“ಬ್ಯಾಡಮ್ಮ,” ಎಂದ ಹಾಲಸ್ವಾಮಿ. “ಮುಟ್ಟಬಾರ್ದು ಅಂತ ಕೇಳಿದೋರೇ ನಾವು. ನಾವೇ ಮುಟ್ಟಿದ್ರೆ ನಿಮ್ ಭಾವ ಸುಮ್ನಿರ್ತಾರಾ?”

“ಎಣ್ಣೆ ಗಾಣಕ್ಕೆ ಎಣ್ಣೆ ಬಿಡಾಕೂ ಕೋರ್ಟ್ ಕೇಳ್ಬೇಕಾ?”

“ಅರ್ಜಿ ಹಾಕಾನ.”

ಅರ್ಜಿ ಹಾಕಿದರು. ಎದುರು ಪಕ್ಷ ತಕರಾರು ಸಲ್ಲಿಸಿತು. ಅರ್ಜಿ ವಾಯಿದೆಯಿಂದ ವಾಯಿದೆಗೆ ಹೋಯಿತು.

ನಾನು ಕತ್ತಲಲ್ಲಿ ಉಳಿದೆ. ಒಳಗಿನ ಹಿಂಡಿ ಮೊದಲು ಹುಳಿಯಿತು, ಆಮೇಲೆ ಕಲ್ಲಾಯಿತು. ಮನುಷ್ಯರೆಲ್ಲ ಆದೇಶ ಪಾಲಿಸಿದರು; ತುಕ್ಕು ಪಾಲಿಸಲಿಲ್ಲ. ಸರ್ವಮಂಗಳಮ್ಮ ಬೇರೆಯವರ ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೂಲಿಗೆ ಸೇರಿದಳು. ವಾಯಿದೆಯ ದಿನ ಬಂದು ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದಳು. ಅವಳ ಕಣ್ಣು ನನಗೆ ಕಾಣುತ್ತಿತ್ತು. ನನ್ನೊಳಗೆ ಆಗುತ್ತಿದ್ದುದು ಅವಳಿಗೆ ಕಾಣುತ್ತಿರಲಿಲ್ಲ. ಕರೆದು ಹೇಳಲು ನನಗೆ ಬಾಯಿರಲಿಲ್ಲ.

ಅವಳ ಕೂದಲು ಬಿಳಿಯಾದ ಮೇಲೆ ತೀರ್ಪು ಬಂದಿತು. ದಾನ ಅಸಿಂಧು. ನನ್ನ ಮೇಲೆ ಬ್ಯಾಂಕಿಗೆ ಹಕ್ಕಿಲ್ಲ. ಸಾಲವನ್ನು ಟ್ರಸ್ಟಿನ ಹೆಸರಲ್ಲಿ ಮೋಸ ಮಾಡಿದವರಿಂದಲೇ ವಸೂಲು ಮಾಡಿಕೊಳ್ಳಲಿ. ಅಣ್ಣ ಅವಳಿಗೆ ಕೊಡದೆ ಉಳಿಸಿಕೊಂಡ ಲಾಭದ ಬಾಕಿಗೆ ಅವನ ಅರ್ಧವೂ ಅವಳಿಗೇ ಸೇರಲಿ.

ಬೀಗ ತೆಗೆಯುವಾಗ ತಿಪ್ಪೇರುದ್ರಪ್ಪ ಬಾಗಿಲಲ್ಲಿ ನಿಂತಿದ್ದ. “ಗೆದ್ಯಲ್ಲಮ್ಮ. ಹೊತ್ಕಂಡು ಹೋಗು.”

“ಹೋಗ್ತೀನಿ ಭಾವ. ನೀವೂ ಒಂದ್ ಕೈ ಹಿಡೀರಿ.”

ಆತ ತಿರುಗಿ ನಡೆದ.

ಆಕೆ ಸೆರಗು ಸಿಕ್ಕಿಸಿ ನನ್ನ ಚಕ್ರಕ್ಕೆ ಕೈಯಿಟ್ಟು ಎಳೆದಳು. ನಾನು ಅಲುಗಲಿಲ್ಲ. ಅಲುಗಬೇಕೆಂದು ನನಗೆಷ್ಟು ಆಸೆಯಿತ್ತೆಂದು ಹೇಳಲಾರೆ. ಫಿಟರ್ ಬಂದು ಸನ್ನೆಕೋಲು ಹಾಕಿದ. ನಡುವಿನ ದಂಡವೇ ಮುರಿಯಿತು. ಸರಿಪಡಿಸುವ ಖರ್ಚಿಗೆ ಹೊಸ ಗಾಣವೇ ಬರುತ್ತದೆಂದ.

ಗುಜರಿಯವನು ಲಾರಿ ತಂದ. ನನ್ನ ಸುತ್ತ ಒಮ್ಮೆ ನಡೆದು ಕೇಳಿದ:

“ಇದು ನಿಮ್ದೇನಾ ಅಮ್ಮ? ಆಮೇಲೆ ತಕರಾರು ಬರಬಾರ್ದು.”

“ನಂದೇ,” ಎಂದಳು ಸರ್ವಮಂಗಳಮ್ಮ. “ಕೋರ್ಟೇ ಹೇಳೈತೆ.”

ಈಗ ಗುಜರಿಯ ಅಂಗಳದಲ್ಲಿ, ಕುಲುಮೆಗೆ ಹೋಗುವ ದಿನ ಕಾಯುತ್ತಿದ್ದೇನೆ. ತೀರ್ಪನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಪರಿಶೀಲಿಸಿದ್ದೇನೆ. ತಪ್ಪು ಸಿಗಲಿಲ್ಲ. ಅರ್ಧಕ್ಕೆ ಅರ್ಧ ಕೂಡಿ ನಾನು ಇಡಿಯಾಗಿ ಅವಳಿಗೇ ಸೇರಿದೆ. ಸೇರುವ ವೇಳೆಗೆ ನಾನು ಗಾಣವಾಗಿ ಉಳಿದಿರಲಿಲ್ಲ.