ತ್ಸೋಯಿದೆಯ ದೋಣಿಯಲ್ಲಿ ಬಂದವರ ಮೊಮ್ಮಗ

ಮೊದಲ ದೊರೆ ತ್ಸೋಯಿದೆಯ ಕಂಚಿನ ದೋಣಿಯಲ್ಲಿ ನಮ್ಮಜ್ಜನೂ ಬಂದ ಎನ್ನದ ಮನೆತನ ನೈಜೀರಿಯಾದ ನೂಪೆ ಜನರಲ್ಲಿ ದುರ್ಬೀನು ಹಾಕಿ ಹುಡುಕಿದರೂ ಸಿಗದು. ಕಮ್ಮಾರರು, ಕಂಚುಗಾರರು, ಬೆಸ್ತರು, ಇಷ್ಟೂ ಜನರ ಅಜ್ಜಂದಿರು ಹತ್ತಿದ್ದರೆ ಆ ದೋಣಿ ಹೊರಟಲ್ಲೇ ಮುಳುಗಬೇಕಿತ್ತು. ಬಿದಾ ಪಟ್ಟಣದ ಗಾಜುಗಾರರ ಕೇರಿಯ ಜಿಯಾ ಕೂಡ ಹೊಳೆ ದಂಡೆಯ ಸಂತೆಗೆ ಹೆಣ್ಣು ಕೇಳಲು ಬಂದವನು ಅದನ್ನೇ ಕೊಚ್ಚಿಕೊಂಡ. ಅದನ್ನು ಕೇಳಿಸಿಕೊಂಡವಳು ಹುಡುಗಿಯ ಅಜ್ಜಿ, ದೋಣಿಯವರ ಕುಲದ ಮೈಮುನಾತು.

"ದೊರೆ ಪಕ್ಕದಲ್ಲೇ ಕೂತಿದ್ನಾ ನಿಮ್ಮಜ್ಜ? ಹಂಗಾದ್ರೆ ಒಳ್ಳೇದಾಯ್ತು. ಮದುವೆ ಮಾತು ಸಂತೇಲಿ ಆಡೋದಲ್ಲ, ನಮ್ಮನೇಲಿ ಆಡೋಣ. ಮನೆ ಹೊಳೆ ಆಚೆ. ಹತ್ತಪ್ಪ ದೋಣಿ."

ಜಿಯಾ ಒಂದು ಹೆಜ್ಜೆ ಹಿಂದೆ ಸರಿದ. ಹುಟ್ಟಿದಾಗಿನಿಂದ ಅವನು ಕಂಡ ನೀರೆಂದರೆ ಕೊಡದ ನೀರು. ಹುಡುಗಿ ಸಲಾಮಾತುವನ್ನು ನೋಡಿದ್ದೂ ಬಿದಾದಲ್ಲೇ, ಅವಳು ಬಳೆ ಕೊಳ್ಳಲು ಬಂದಾಗ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುವಂತೆ ಇವನದೆಲ್ಲ ಗಾಜಿನ ಕುಲುಮೆಯ ಮುಂದೆ. ಆದರೆ ಹುಟ್ಟು ಹಿಡಿದು ಕೂತಿದ್ದ ಸಲಾಮಾತು ನಕ್ಕಳು. ಹತ್ತದೆ ವಿಧಿಯಿರಲಿಲ್ಲ.

ನೈಜರ್ ನದಿಯ ನಡುವೆ ದೋಣಿ ಹೊಯ್ದಾಡಿತು. ಜಿಯಾ ಕಣ್ಣು ಮುಚ್ಚಿದ. ಗಾಜು ಕರಗುವವರೆಗೂ ತಿದಿಯ ತಾಳ ತಪ್ಪದಿರಲೆಂದು ಅವನ ಕೇರಿಯವರು ಹಾಡುವ ಹಾಡು ತಾನಾಗಿ ಬಾಯಿಗೆ ಬಂತು. ಕೈಗಳೂ ಗಾಳಿಯಲ್ಲಿ ತಿದಿ ಒತ್ತತೊಡಗಿದವು.

"ಅಯ್ಯಯ್ಯೋ, ನೋಡೇ ನಿನ್ನ ಗಂಡನ್ನ! ಹೊಳೇನೇ ಕಾಯಿಸ್ತಾ ಇದಾನೆ! ಮೀನು ಬೆಂದೋಗ್ತವೆ ಕಣೋ!" ಎಂದು ಅಜ್ಜಿ ಕೂಗಿದಳು.

ಸಲಾಮಾತು ಬಿದ್ದು ಬಿದ್ದು ನಕ್ಕಳು. ಆದರೂ ಅವಳ ಹುಟ್ಟು ಆ ಹಾಡಿನ ತಾಳಕ್ಕೇ ಬೀಳುತ್ತಿತ್ತು.

ದಡ ಮುಟ್ಟಿದ ಮೇಲೆ ಜಿಯಾ ಮೆಲ್ಲಗೆ ಕೇಳಿದ. "ಮರ್ಯಾದೆ ಎಲ್ಲಾ ಹೋಯ್ತು. ಇನ್ನು ಹೆಣ್ಣು ಕೊಡಲ್ವಾ ಅಜ್ಜಿ?"

ಅಜ್ಜಿಯ ಮುಖದಲ್ಲಿ ನಗು ಇರಲಿಲ್ಲ.

"ನಿಮ್ಮಜ್ಜ ದೋಣೀಲಿ ಬಂದ್ನೋ ಕತ್ತೆ ಮೇಲೆ ಬಂದ್ನೋ, ಅದನ್ನ ಕಟ್ಕೊಂಡು ನನಗೇನು? ತಾಯಿಲ್ಲದ ಕೂಸು ಇದು, ನಾನೇ ಸಾಕಿದ್ದು. ನೀನು ನೀರಿಗೆ ಹೆದರಿ ಇವಳನ್ನ ಕರ್ಕೊಂಡು ಆಚೆ ದಡದಲ್ಲೇ ಉಳಿದುಬಿಟ್ರೆ? ನಾನು ಇವಳ ಮುಖ ಯಾವಾಗ ನೋಡ್ಲಪ್ಪ?"

ಜಿಯಾ ಒಮ್ಮೆ ಹೊಳೆಯ ಕಡೆ ತಿರುಗಿ ನೋಡಿದ. "ಹಬ್ಬ ಹಬ್ಬಕ್ಕೂ ಕರ್ಕೊಂಡು ಬರ್ತೀನಿ ಅಜ್ಜಿ. ಕಣ್ಣು ಮಾತ್ರ ಮುಚ್ಕೋತೀನಿ."

"ಮುಚ್ಕೋ, ಯಾರು ಬೇಡ ಅಂದ್ರು? ಹಾಡು ಮಾತ್ರ ಜೋರಾಗಿ ಹೇಳು. ನನಗೆ ಕಣ್ಣು ಮಂಜು. ನೀವು ಬರ್ತಿರೋದು ಇಲ್ಲಿಗೆ ಕೇಳ್ಬೇಕು."

ಹಾಗೆಂದವಳೇ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಅಳಿಯನಿಗೆ ಅನ್ನಕ್ಕಿಡಲು ಒಳಗೆ ಹೋದಳು.