ಬೋರ್ಡಿನ ಕೆಳಗಿನ ಮೂರು ಸಾಲು

ಚನ್ನರಾಯಪ್ಪ ಹೆಗಲ ಮೇಲಿನ ಟವಲಿನಿಂದ ಬೋರ್ಡಿನ ಕೆಳಗಿನ ಮೂರು ಸಾಲುಗಳನ್ನು ಒರೆಸುತ್ತಿದ್ದರು. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ. ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹಿಡಿದು ಬಾಗಿಲಿಗೆ ಬಂದ ಸೊಸೆ ರಂಜಿತ ಅದನ್ನು ನೋಡಿ ನಿಂತಳು.

"ಇದು ಹುಳದ ಬೋರ್ಡು ಕಣಮ್ಮ, ನಿನ್ನ ಕಂಪ್ಯೂಟರ್ ಬೋರ್ಡಲ್ಲ."

"ಗೊತ್ತು ಮಾವ. ಆದ್ರೆ ನೀವು ದಿನಾ ನೋಡೋದು ಇದೊಂದನ್ನೇ."

ಅದು ನಿಜ. ಟೇಕಲ್ ರಸ್ತೆಯ ಆ ಚಾಕಿ ಕೇಂದ್ರದಲ್ಲಿ, ಅಂದರೆ ರೇಷ್ಮೆ ಮೊಟ್ಟೆಯೊಡೆದ ದಿನದಿಂದ ಹುಳುವನ್ನು ಎರಡನೇ ಜ್ವರ ದಾಟಿಸಿ ರೈತರಿಗೆ ಕೊಡುವ ಜಾಗದಲ್ಲಿ, ಎಲ್ಲವೂ ಆ ಕಪ್ಪು ಬೋರ್ಡಿನ ತಾರೀಖುಗಳಂತೆ ನಡೆಯುತ್ತಿತ್ತು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಹಳೇ ಚರ್ಮ ಕಳಚುವ ಹೊತ್ತು. ಜ್ವರಕ್ಕೆ ಕೂತ ತಾರೀಖು, ಎದ್ದ ತಾರೀಖು ಎರಡೂ ಬೋರ್ಡಿಗೆ ಬರುತ್ತಿದ್ದವು. ಕೂತಾಗ ಯಾರೂ ತಟ್ಟೆ ಮುಟ್ಟುವಂತಿಲ್ಲ. ಜೋರಾಗಿ ಕೆಮ್ಮಿದರೂ ಚನ್ನರಾಯಪ್ಪನವರು ದುರುಗುಟ್ಟಿ ನೋಡುತ್ತಿದ್ದರು.

ಬೋರ್ಡಿನ ಕೆಳಗೆ ರಂಜಿತ ಬರೆಯುತ್ತಿದ್ದ ಸಾಲುಗಳು ಕೇಂದ್ರದ ವೆಬ್‌ಸೈಟಿಗೆ ಜೋಡಿಸಿದ ಮೂರು ಪ್ಲಗಿನ್‌ಗಳವು, ಅಂದರೆ ಒಂದೊಂದು ಕೆಲಸಕ್ಕೆಂದು ಸೇರಿಸಿದ ಪುಟ್ಟ ತಂತ್ರಾಂಶಗಳವು. ರೈತರು ಹುಳು ಬುಕ್ ಮಾಡುವ ಫಾರಂ ಒಂದು, ಫೋಟೋಗಳದ್ದೊಂದು, ಹೊರಗಿನವರು ನುಗ್ಗದಂತೆ ಕಾವಲಿಗೆಂದು ಇಟ್ಟದ್ದೊಂದು. ಪ್ರತಿ ಸೋಮವಾರ ಸೊಪ್ಪು ಹಾಕಿ ಕೈ ತೊಳೆದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತು, ಯಾವುದಕ್ಕೆ ಹೊಸ ಆವೃತ್ತಿ ಬಂದಿದೆ, ನಮ್ಮದು ಹಳತಾಗಿ ಎಷ್ಟು ದಿನವಾಯಿತು ಎಂದು ನೋಡಿ ಬಂದು ಬೋರ್ಡಿನಲ್ಲಿ ಬರೆಯುತ್ತಿದ್ದಳು. ಬುಕಿಂಗ್ ಫಾರಂ ಹಳತಾಗಿ ಇನ್ನೂರ ಹದಿಮೂರು ದಿನವಾಗಿತ್ತು.

ಚನ್ನರಾಯಪ್ಪ ಸುಮ್ಮನೆ ಹಟ ಹಿಡಿದಿರಲಿಲ್ಲ. ಎರಡು ವರ್ಷದ ಹಿಂದೆ, ರಂಜಿತ ಇನ್ನೂ ಈ ಮನೆಗೆ ಬಂದಿರದಾಗ, ವೆಬ್‌ಸೈಟ್ ಮಾಡಿಕೊಟ್ಟವನು ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡಲು ಹೋಗಿ ಎರಡು ದಿನ ಸೈಟೇ ಕಾಣದಂತಾಗಿತ್ತು. ಯಾರಿಗೆ ಎಷ್ಟು ಹುಳು ಎಂಬ ಪಟ್ಟಿಯೂ ಅದರ ಜೊತೆಗೇ ಹೋಯಿತು. ಹುಳು ಕಾಯುತ್ತದೆಯೇ? ಮುನ್ನೂರು ಮೊಟ್ಟೆಯ, ಅಂದರೆ ಮುನ್ನೂರು ಚಿಟ್ಟೆಗಳಿಟ್ಟ ಅಷ್ಟೂ ಮೊಟ್ಟೆಗಳ, ಹುಳುವನ್ನು ಗೊಬ್ಬರದ ಗುಂಡಿಗೆ ಸುರಿದು ಬಂದು ಅವರು ಅವತ್ತು ಊಟ ಮಾಡಲಿಲ್ಲ. ಅಂದಿನಿಂದ ಒಂದೇ ಮಾತು: "ಸುಮ್ನೆ ಕೂತೈತಲ್ಲ, ಕೂತಿರೋದನ್ನ ಅಲ್ಲಾಡಿಸ್ಬೇಡ." ಹುಳುವಿನ ಕಟ್ಟಳೆಯನ್ನೇ ಕಂಪ್ಯೂಟರಿಗೂ ಅಂಟಿಸಿಬಿಟ್ಟಿದ್ದರು.

ನೋಡಲು ರಂಜಿತಳ ಪಾಸ್‌ವರ್ಡ್ ಸಾಕಿತ್ತು. ಬದಲಾಯಿಸಬೇಕಾದರೆ ಮಾವನ ಫೋನಿಗೆ ಬರುವ ಓಟಿಪಿ ಬೇಕು. ಆ ಫೋನು ಹಗಲೆಲ್ಲ ಕಿಟಕಿಯ ಮೇಲೇ ಬಿದ್ದಿರುತ್ತಿತ್ತು. ಕದ್ದು ನೋಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಮುಟ್ಟಲಿಲ್ಲ. ಒಪ್ಪಿಸಿಯೇ ಮಾಡಬೇಕೆಂಬ ಹಟ ಅವಳಿಗೂ ಇತ್ತು. ಹಟದಲ್ಲಿ ಮಾವ, ಸೊಸೆ ಒಬ್ಬರಿಗೊಬ್ಬರು ಕಡಿಮೆಯಿರಲಿಲ್ಲ.

ಅವತ್ತು ಹನ್ನೊಂದು ಗಂಟೆಯ ಬಸ್ಸಿಗೆ ಮಾಸ್ತಿಯಿಂದ ಮುನಿಯಲ್ಲಪ್ಪ ಬಂದ. ಹದಿನೈದು ವರ್ಷದಿಂದ ಇಲ್ಲಿಯೇ ಹುಳು ಒಯ್ಯುವ ರೈತ. ಬಂದವನೇ ಫೋನನ್ನು ಚನ್ನರಾಯಪ್ಪನವರ ಮುಖದ ಮುಂದೆ ಹಿಡಿದ.

"ಏಮಪ್ಪಾ ಚನ್ನರಾಯಪ್ಪ, ಹುಳ ಬಿಟ್ಟು ಇಸ್ಪೀಟ್ ಅಂಗಡಿ ಮಡಗಿದ್ಯಾ?"

ಮೇಲೆ ಕೇಂದ್ರದ ಹೆಸರೇ ಇತ್ತು. ಅದರ ಕೆಳಗೆ ರಾಜ, ರಾಣಿ, ಬಂಗಾರದ ನಾಣ್ಯಗಳು ಕುಣಿಯುತ್ತಿದ್ದವು.

"ಶುಕ್ರವಾರ ನಮ್ಮ ಇನ್ನೂರು ಮೊಟ್ಟೆ ಹುಳ ಬರ್ತದಾ ಅಂತ ಮೊಮ್ಮಗಳು ತೆಗೆದು ನೋಡಿದ್ರೆ, ಆಟ ಆಡು ಬಾ ಅಂತದೆ. ನಮ್ಮೂರಲ್ಲಿ ಆಗ್ಲೇ ಇಬ್ರು ಬೇರೆ ಕಡೆ ಕೇಳೋಕೆ ಹೊಂಟವ್ರೆ."

ಚನ್ನರಾಯಪ್ಪನವರ ಮುಖ ಬಿಳಿಚಿಕೊಂಡಿತು. ಒಳಗೆ ತಟ್ಟೆತಟ್ಟೆಯಲ್ಲೂ ಹುಳು. ಶುಕ್ರವಾರ ಕೊಂಡೊಯ್ಯುವವರು ಬಾರದಿದ್ದರೆ ಮತ್ತೆ ಅದೇ ಗುಂಡಿ. ಅವರು ಸೊಸೆಯತ್ತ ತಿರುಗಿದರು.

"ಏನ್ ಮುಟ್ಟಿದ್ದೆ ನೀನು?"

ಆ ಮಾತು ರಂಜಿತಳಿಗೆ ಚುಚ್ಚಿತು. ಕಣ್ಣು ತುಂಬಿ ಬಂತು. ಅಳುವುದಕ್ಕೆ ಇದು ಹೊತ್ತಲ್ಲವೆಂದು ತೋಳಿನಿಂದ ಒರೆಸಿಕೊಂಡಳು.

"ಮುಟ್ಲಿಲ್ಲ ಮಾವ. ಮುಟ್ಟದೇ ಇದ್ದಿದ್ದಕ್ಕೇ ಹಿಂಗಾಗಿರೋದು. ಜ್ವರಕ್ಕೆ ಕೂತಾಗ ಮುಟ್ಬಾರ್ದು, ಸರಿ. ಎದ್ದ ಮೇಲೆ? ಹಳೇ ಸೊಪ್ಪು, ಹಿಕ್ಕೆ ತಟ್ಟೇಲೇ ಬಿಟ್ರೆ ಏನಾಗತ್ತೆ, ನೀವೇ ಹೇಳಿ."

ಮಾವನಿಗಿಂತ ಮೊದಲು ಮುನಿಯಲ್ಲಪ್ಪನೇ ಹೇಳಿದ. "ರೋಗ ಬಂದು ಎಲ್ಲಾ ಹೋಗ್ತವೆ. ಅದನ್ನೂ ಕೇಳ್ಬೇಕಾ ತಾಯಿ?"

"ಇಲ್ಲೂ ಅದೇ. ಇನ್ನೂರ ಹದಿಮೂರು ದಿನದಿಂದ ನಾವು ತಟ್ಟೆ ಶುದ್ಧ ಮಾಡಿಲ್ಲ. ಯಾರೋ ಒಳಗೆ ನುಗ್ಗವ್ರೆ."

ಚನ್ನರಾಯಪ್ಪ ಕುರ್ಚಿಗೆ ಕೂತು ದನಿ ತಗ್ಗಿಸಿದರು. "ಪಟ್ಟಿ ಹೋಗ್ಬಿಟ್ರೆ?"

ರಂಜಿತ ಮೇಜಿನ ಡ್ರಾಯರ್ ಎಳೆದು ನಾಲ್ಕು ಹಾಳೆ ತೆಗೆದು ಅವರ ತೊಡೆಯ ಮೇಲಿಟ್ಟಳು. ನಲವತ್ತೆರಡು ಹೆಸರು, ಊರು, ಯಾರಿಗೆ ಎಷ್ಟು.

"ನಿನ್ನೆ ಸಂಜೆವರೆಗಿಂದು. ದಿನಾ ತೆಗೆದಿಡ್ತೀನಿ. ಸೈಟಿಂದೂ ಹೋದ ಸೋಮವಾರದ ಪ್ರತಿ ಐತೆ, ಅದ್ರಲ್ಲಿ ಈ ಇಸ್ಪೀಟಿಲ್ಲ. ಮೊದ್ಲು ಅದನ್ನ ಹಾಕ್ತೀನಿ. ಆಮೇಲೆ ಒಂದೊಂದೇ ಹೊಸದು ಮಾಡ್ತೀನಿ. ಒಂದು ಆದ್ಮೇಲೆ ಫಾರಂ ತೆಗೆದು ನೋಡಿ, ಆಮೇಲೆ ಇನ್ನೊಂದು. ಎಲ್ಲಾ ಒಟ್ಟಿಗೆ ಮಾಡಲ್ಲ."

ಚನ್ನರಾಯಪ್ಪ ಹಾಳೆಗಳನ್ನು ತಿರುವಿದರು. ಎಲ್ಲ ಹೆಸರುಗಳೂ ಇದ್ದವು. ಈ ಹುಡುಗಿ ಆರು ತಿಂಗಳಿಂದ ತಾನು ಒರೆಸಿದಷ್ಟೂ ಸಲ ಬರೆದಳು, ಒಂದು ಸಲವೂ ಮುಖ ಸಿಂಡರಿಸಲಿಲ್ಲ ಎಂಬುದು ಅವರಿಗೆ ಈಗ ನೆನಪಾಗಿ ನಾಚಿಕೆಯಾಯಿತು. ಎದ್ದು ಹೋಗಿ ಕಿಟಕಿಯ ಮೇಲಿನ ಫೋನ್ ತಂದರು. ಅದು ಟಿಣ್ ಎಂದಿತು. ಕನ್ನಡಕ ಹಣೆಗೇರಿಸಿ, ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದರು.

ಸೋಮವಾರದ ಪ್ರತಿ ಕೂತುಕೊಂಡಿತು. ಇಸ್ಪೀಟು ಹೋಯಿತು. ರಂಜಿತ ಪಾಸ್‌ವರ್ಡ್‌ಗಳನ್ನು ಬದಲಾಯಿಸಿದಳು. ಕಾವಲಿನದ್ದು ಹೊಸದಾಯಿತು. ಫೋಟೋದ್ದಕ್ಕೆ ಕೈಹಾಕಿದಾಗ ಪರದೆ ಪೂರ್ತಿ ಬೆಳ್ಳಗಾಗಿಬಿಟ್ಟಿತು. ಚನ್ನರಾಯಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡರು. ಅವಳು ಕಂಪ್ಯೂಟರಿನಲ್ಲೇ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಅದನ್ನು ತೆಗೆದು, ಮತ್ತೆ ಮೊದಲಿಂದ ಹಾಕತೊಡಗಿದಳು.

ಆಗಲೇ ಚನ್ನರಾಯಪ್ಪನವರ ಫೋನು ಬಡಿದುಕೊಂಡಿತು. ಟೇಕಲ್‌ನ ನರೇಶ್. ಅವನೂ ಶುಕ್ರವಾರದ ಪಟ್ಟಿಯಲ್ಲಿದ್ದವನು.

"ಅಣ್ಣಾ, ನಿಮ್ ಸೈಟ್ ತೆಗೆದ್ರೆ ಏನೂ ಬರ್ತಿಲ್ವಲ್ಲಾ?"

ಅವರು ಬಾಗಿಲ ಹೊರಗೆ ಹೋದರು. ಬಾಯಿಗೆ ಕೈ ಅಡ್ಡ ಹಿಡಿದು, ಹುಳುಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದರು. "ಜ್ವರಕ್ಕೆ ಕೂತೈತೆ ಕಣಪ್ಪ. ಅರ್ಧ ಗಂಟೆ ಬಿಟ್ಟು ನೋಡು. ಎದ್ದೇಳ್ತದೆ." ಏನೋ ಕೇಳಲು ಬಾಯಿ ತೆರೆದ ಮುನಿಯಲ್ಲಪ್ಪನಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಫೋಟೋದ್ದು ಸರಿಹೋಯಿತು, ಕೊನೆಗೆ ಬುಕಿಂಗ್ ಫಾರಂ ಕೂಡ ಹೊಸದಾಗಿ ತೆರೆಯಿತು. ಮುನಿಯಲ್ಲಪ್ಪ, ಮಾಸ್ತಿ, ಇನ್ನೂರು, ಶುಕ್ರವಾರ. ಅವನು ತನ್ನ ಫೋನಿನಲ್ಲೂ ನೋಡಿ, ಊರಿನ ಆ ಇಬ್ಬರಿಗೂ ಫೋನ್ ಮಾಡಿ ಗದರಿ, ಕಾಫಿ ಕುಡಿದು ಬಸ್ಸಿಗೆ ನಡೆದ.

ರಂಜಿತ ಕತ್ತು ನೀವಿಕೊಳ್ಳುತ್ತ ಹೊರಗೆ ಬಂದಳು. ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಾಗಿತ್ತು. ಬೋರ್ಡಿನ ಮುಂದೆ ಚನ್ನರಾಯಪ್ಪ ನಿಂತಿದ್ದರು. ಟವಲಿನಿಂದ ಒರೆಸಿದ ಬಿಳಿ ಗೀರುಗಳ ಮೇಲೆಯೇ, ತಮ್ಮ ದಪ್ಪ ಅಕ್ಷರಗಳಲ್ಲಿ ಮೂರು ಹೆಸರುಗಳನ್ನೂ ಬರೆದಿದ್ದರು. ತಾರೀಖಿನ ಜಾಗಕ್ಕೆ ಬಂದು ಸೀಮೆಸುಣ್ಣ ಹಿಡಿದ ಕೈ ಮಾತ್ರ ಗಾಳಿಯಲ್ಲೇ ನಿಂತಿತ್ತು.

"ಎದ್ದ ತಾರೀಖು ಇವತ್ತಿಂದೇ ಹಾಕ್ಲೇನಮ್ಮ?" ಎಂದು ಕೇಳಿದರು.